ಕೃತ್ಯ ಮತ್ತು ಸಂಕಲ್ಪ: ಅಬೆಲಾರ್ಡನ ನೀತಿವಿಚಾರ

ಕ್ರೈಸ್ತನು ತನ್ನನ್ನು ತಾನು ಪರೀಕ್ಷಿಸಿಕೊಳ್ಳುವಾಗ ತೂಗಬೇಕಾದುದು ಮಾಡಿದ ಕಾರ್ಯವನ್ನೋ, ಮಾಡಿದ ಮನಸ್ಸನ್ನೋ? ಹನ್ನೆರಡನೆಯ ಶತಮಾನದ ಪಶ್ಚಿಮ ಯೂರೋಪಿನಲ್ಲಿ ಈ ಪ್ರಶ್ನೆ ತೀವ್ರವಾಯಿತು.

ಆರನೆಯ ಶತಮಾನದಿಂದ ಐರ್ಲೆಂಡಿನ ಮಠಗಳಲ್ಲಿ ಹುಟ್ಟಿ ಯೂರೋಪಿನಲ್ಲಿ ಹರಡಿದ ಪ್ರಾಯಶ್ಚಿತ್ತ ಸಂಹಿತೆಗಳು ಒಂದೊಂದು ಪಾಪಕ್ಕೂ ಇಷ್ಟು ದಿನದ, ಇಷ್ಟು ವರ್ಷದ ಉಪವಾಸವೆಂದು ಗೊತ್ತುಮಾಡಿದ್ದುವು. ಅವು ಉದ್ದೇಶವನ್ನು ಮರೆತಿರಲಿಲ್ಲವಾದರೂ ಅವುಗಳ ಮುಖ್ಯ ಅಳತೆ ಕೃತ್ಯವೇ.

ಪೀಟರ್ ಅಬೆಲಾರ್ಡ್ (1079–1142) ತನ್ನ ನೀತಿಗ್ರಂಥದಲ್ಲಿ ಈ ಕ್ರಮವನ್ನು ಪ್ರಶ್ನಿಸಿದನು. ಅವನ ಮತದಲ್ಲಿ, ಕೆಟ್ಟದ್ದಕ್ಕೆ ತಿಳಿದೂ ಮನಸ್ಸು ಸಮ್ಮತಿಸುವುದೇ ಪಾಪ. ಕೃತ್ಯವು ಅದಕ್ಕೆ ಏನನ್ನೂ ಕೂಡಿಸದು. ಅವನು ಕೊಡುವ ದೃಷ್ಟಾಂತವನ್ನು ನೋಡೋಣ. ಬಡ ತಾಯಿಯೊಬ್ಬಳು ಹಸುಗೂಸಿಗೆ ಚಳಿಯಾಗದಂತೆ ಅಪ್ಪಿಕೊಂಡು, ಅರಿಯದೆ ಅದರ ಉಸಿರುಗಟ್ಟಿಸುತ್ತಾಳೆ. ಬಿಷಪ್ಪನು ಅವಳಿಗೆ ಕಠಿನ ಪ್ರಾಯಶ್ಚಿತ್ತವನ್ನೇ ವಿಧಿಸುತ್ತಾನೆ. ಅವಳು ಪಾಪಿಯೆಂದಲ್ಲ, ಉಳಿದ ತಾಯಂದಿರು ಎಚ್ಚರದಿಂದಿರಲೆಂದು. ಮನುಷ್ಯರು ಕಂಡುದಕ್ಕೆ ತೀರ್ಪು ಕೊಡುತ್ತಾರೆ. ಮನಸ್ಸನ್ನು ತೂಗುವವನು ದೇವರೊಬ್ಬನೇ.

ಹಾಗಾದರೆ ಸದುದ್ದೇಶವೊಂದಿದ್ದರೆ ಸಾಕೆ? ಸಾಲದೆಂದೇ ಅಬೆಲಾರ್ಡನ ಉತ್ತರ: ಒಳ್ಳೆಯದೆಂದು ನಂಬಿದರೆ ಸಾಲದು, ಅದು ನಿಜವಾಗಿಯೂ ಒಳ್ಳೆಯದಾಗಿರಬೇಕು. ಆದರೂ ಕಾರ್ಯಗಳಿಂದ ಮನುಷ್ಯನು ಮೇಲಾಗುವುದೂ ಇಲ್ಲ, ಕೀಳಾಗುವುದೂ ಇಲ್ಲವೆಂಬ ವಾದವನ್ನು ಅವನ ಮೇಲೆ ಹೊರಿಸಿ ಸಾನ್ಸ್ ನಗರದ ಧರ್ಮಸಭೆ ಖಂಡಿಸಿತು.

1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ವಿಧಿಸಿತು. ಪಾದ್ರಿಯು ನುರಿತ ವೈದ್ಯನಂತೆ ಪಾಪಿಯ ಹಾಗೂ ಪಾಪದ ಸನ್ನಿವೇಶವನ್ನು ವಿಚಾರಿಸಬೇಕೆಂದಿತು. ಇದು ಅಬೆಲಾರ್ಡನೊಬ್ಬನ ಪ್ರಭಾವವೆಂದು ನಾವು ಹೇಳಲಾರೆವು. ಕಾಲದ ದೃಷ್ಟಿಯೇ ಒಳಮುಖವಾಗುತ್ತಿತ್ತು. ಆದರೆ ಸಮಾಜದ ತಕ್ಕಡಿ ಬೇರೆ, ಅಂತಃಸಾಕ್ಷಿಯ ತಕ್ಕಡಿ ಬೇರೆ ಎಂಬುದನ್ನು ಆ ನಿರಪರಾಧಿ ತಾಯಿಯ ದೃಷ್ಟಾಂತದಷ್ಟು ಸ್ಪಷ್ಟವಾಗಿ ತೋರಿಸುವುದು ವಿರಳವೆಂದು ನಾವು ಭಾವಿಸುತ್ತೇವೆ.