ಹೆಬ್ರೋನಿನ ದೇವಾಲಯದಲ್ಲಿ ಮೌನ

ಕೆನಡಾದ ಪೂರ್ವದಂಚಿನ ಲ್ಯಾಬ್ರಡಾರ್ ಕರಾವಳಿಯ ನಕ್ಷೆಯಲ್ಲಿ ನಾಯಿನ್, ರಾಮಾ, ಹೆಬ್ರೋನ್ ಎಂಬ ಹೆಸರುಗಳನ್ನು ಕಂಡವರಿಗೆ ಸತ್ಯವೇದದ ಭೂಪಟವನ್ನೇ ತೆರೆದಂತೆ ತೋರುತ್ತದೆ. ಈ ಹೆಸರುಗಳನ್ನಿಟ್ಟವರು ಜರ್ಮನಿಯ ಹೆರ್ನ್‌ಹೂಟ್ ಮೂಲದ ಮೊರಾವಿಯನ್ ಸಭೆಯವರು. 1752ರಲ್ಲಿ ಅಲ್ಲಿಗೆ ಹೋದ ಎರ್ಹಾರ್ಟ್ ಮತ್ತು ಸಂಗಡಿಗರು ಹತರಾದರು. 1771ರಲ್ಲಿ ಯೆನ್ಸ್ ಹಾವೆನ್ ಮೊದಲಾದವರು ನಾಯಿನ್‌ನಲ್ಲಿ ನೆಲೆಯೂರಿದರು. ಅದಕ್ಕೂ ಉತ್ತರದ ಹೆಬ್ರೋನ್ 1830ರ ಸುಮಾರಿಗೆ ಆರಂಭವಾಯಿತು.

ಆ ತೀರದಲ್ಲಿ ಮರಗಳು ವಿರಳ. ಆದುದರಿಂದ ಮಿಷನ್ ಕಟ್ಟಡಗಳ ತೊಲೆ, ಹಲಗೆಗಳು ಹಡಗಿನಲ್ಲಿ ಬಂದವು. ದೇವಾಲಯ, ಮಿಷನರಿಗಳ ಮನೆ, ವ್ಯಾಪಾರದ ಮಳಿಗೆ ಒಂದಕ್ಕೊಂದು ಹೊಂದಿಕೊಂಡೇ ಇದ್ದವು. ಬೋಧಿಸಿದವರೇ ಸಾಲದ ಲೆಕ್ಕವನ್ನೂ ಬರೆದರೆಂಬುದನ್ನು ಆ ಕಟ್ಟಡವೇ ಹೇಳುತ್ತದೆ. ಆದರೂ ಇನ್ಯುಯಿಟ್ ವಿಶ್ವಾಸಿಗಳು ತಮ್ಮ ಭಾಷೆಯಲ್ಲಿ ಓದುಬರಹ ಕಲಿತರು. ಪಿಟೀಲು, ತುತ್ತೂರಿ, ಆರ್ಗನ್‌ಗಳನ್ನು ನುಡಿಸಿ ಯೂರೋಪಿನಿಂದ ಬಂದ ಸಂಗೀತವನ್ನು ತಮ್ಮದೇ ಆರಾಧನೆಯನ್ನಾಗಿಸಿಕೊಂಡರು.

ಅಂಥ ಪಿಟೀಲುವಾದಕರಲ್ಲಿ ಹೆಬ್ರೋನಿನ ಅಬ್ರಹಾಮನೊಬ್ಬನು. ಮಿಷನರಿಗಳ ವಿರೋಧವಿದ್ದರೂ, ಮಳಿಗೆಯ ಸಾಲ ತೀರಿಸುವ ಆಸೆಯಿಂದಲೂ ಅವನು 1880ರಲ್ಲಿ ಕುಟುಂಬಸಮೇತ ಯೂರೋಪಿಗೆ ಹೊರಟನು. ಅಲ್ಲಿ ಅವರನ್ನು ಪ್ರಾಣಿಸಂಗ್ರಹಾಲಯಗಳಲ್ಲಿ ಜನರ ಮುಂದೆ ಪ್ರದರ್ಶಿಸಲಾಯಿತು. ಹೋದ ಎಂಟು ಮಂದಿಯೂ ಸಿಡುಬಿಗೆ ಬಲಿಯಾದರು. ಅಬ್ರಹಾಮನು 1881ರ ಜನವರಿಯಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡನು. ಅವನು ತನ್ನ ಭಾಷೆಯಲ್ಲಿ ಬರೆದ ದಿನಚರಿಯ ಜರ್ಮನ್ ಅನುವಾದ ಉಳಿದಿದೆ. ಮೂಲಪಿತೃ ಅಬ್ರಹಾಮನು ಹೆಬ್ರೋನಿನ ಬಳಿ ಸಮಾಧಿಗಾಗಿ ಭೂಮಿಯನ್ನು ಕೊಂಡನು. ಅವನ ಹೆಸರನ್ನು ಹೊತ್ತ ಇವನಿಗೆ ತನ್ನ ಹೆಬ್ರೋನಿನ ಮಣ್ಣೂ ದೊರೆಯಲಿಲ್ಲ.

1918ರಲ್ಲಿ ಮಿಷನ್ನಿನದೇ ಹಡಗಾದ ಹಾರ್ಮನಿ ಇನ್‌ಫ್ಲುಯೆಂಜಾವನ್ನು ಹೊತ್ತು ತಂದಿತು. ನೆರೆಯ ಒಕಾಕ್ ಊರಿನಲ್ಲಿ 200ಕ್ಕೂ ಹೆಚ್ಚು ಜನ ಸತ್ತು, ಆ ನೆಲೆಯೇ ಮುಚ್ಚಿತು. ಹೆಬ್ರೋನ್ ಹೇಗೋ ಉಳಿಯಿತು.

ರೋಗಕ್ಕೆ ಅಳಿಯದ ಊರನ್ನು ಅಳಿಸಿದ್ದು ಒಂದು ತೀರ್ಮಾನ. ದೂರದ ಊರಿಗೆ ಸೌಕರ್ಯ ಒದಗಿಸುವುದು ಕಷ್ಟವೆಂದು ಸರ್ಕಾರವೂ ಮಿಷನ್ನೂ ನೆಲೆಯನ್ನು ಮುಚ್ಚಲು ಒಪ್ಪಿದವು. 1959ರ ವಸಂತದಲ್ಲಿ ಜನರನ್ನು ದೇವಾಲಯಕ್ಕೆ ಕರೆದು ಈ ಸುದ್ದಿ ತಿಳಿಸಲಾಯಿತು. ದೇವಾಲಯದೊಳಗೆ ವಾದಿಸಬಾರದೆಂದೇ ಬೆಳೆದಿದ್ದ ಸಭಿಕರು ಎದುರು ಮಾತಾಡಲಿಲ್ಲ. ಮೌನಂ ಸಮ್ಮತಿಲಕ್ಷಣಂ ಎಂಬ ಮಾತು ಇಲ್ಲಿ ಸಲ್ಲದು. ಆ ಮೌನ ಭಯಭಕ್ತಿಯದು, ಅದನ್ನು ಕಲಿಸಿದವರೂ ಸಭೆಯವರೇ. ಸ್ಥಳದ ಆಯ್ಕೆ ಉದ್ದೇಶಪೂರ್ವಕವಾಗಿತ್ತೇ ಎಂಬುದಕ್ಕಿಂತ, ಯಾರಿಗೂ ಅದು ತೊಡಕೆನಿಸಲಿಲ್ಲವೆಂಬುದೇ ನನ್ನನ್ನು ಹೆಚ್ಚು ಕಾಡುತ್ತದೆ.

200ಕ್ಕೂ ಹೆಚ್ಚು ಜನ ದಕ್ಷಿಣದ ಊರುಗಳಿಗೆ ಚದುರಿಹೋದರು. ಬಂಧುಗಳು ಬೇರ್ಪಟ್ಟರು, ಹೊಸ ಊರುಗಳಲ್ಲಿ ಒಳ್ಳೆಯ ಬೇಟೆಯ, ಮೀನುಗಾರಿಕೆಯ ಸ್ಥಳಗಳು ಮೊದಲೇ ಅನ್ಯರ ಪಾಲಾಗಿದ್ದವು.

2005ರಲ್ಲಿ ಪ್ರಾಂತ್ಯದ ಪ್ರಧಾನಿ ಡ್ಯಾನಿ ವಿಲಿಯಮ್ಸ್ ಕ್ಷಮೆ ಯಾಚಿಸಿದರು. 2009ರಲ್ಲಿ ಹೆಬ್ರೋನಿನಲ್ಲಿ ಸ್ಮಾರಕವೊಂದು ನಿಂತಿತು. ಕ್ಷಮಾಯಾಚನೆಯ ಮಾತುಗಳ ಜೊತೆಗೆ, ಅಂದು ಮೌನವಾಗಿದ್ದವರ ಪರವಾಗಿ ಅದನ್ನು ಸ್ವೀಕರಿಸಿದ ಉತ್ತರವೂ ಅಲ್ಲಿ ಬರೆದಿದೆ.