ಬಾನಾಡಿಗಳ ಗೂಡುಪೆಟ್ಟಿಗೆ

ಬಾನಾಡಿಗಳ ಗೂಡುಪೆಟ್ಟಿಗೆ ಎಂಬುದು ಬಾನಾಡಿ ಕುಟುಂಬದ ಹಕ್ಕಿಗಳು ಮೊಟ್ಟೆಯಿಟ್ಟು ಮರಿ ಮಾಡಲೆಂದು ಕಟ್ಟಡಗಳ ಎತ್ತರದ ಭಾಗದಲ್ಲಿ ಅಳವಡಿಸುವ ಮಾನವನಿರ್ಮಿತ ಗೂಡು. ಹಳೆಯ ಕಟ್ಟಡಗಳ ಸಂದುಗೊಂದುಗಳು ಮುಚ್ಚಿಹೋದಂತೆ ನೆಲೆ ಕಳೆದುಕೊಂಡ ಹಕ್ಕಿಗಳಿಗೆ ಬದಲಿ ಆಸರೆ ಒದಗಿಸುವುದು ಇದರ ಉದ್ದೇಶ. ಯೂರೋಪಿನಲ್ಲಿ ಈ ಪದ್ಧತಿ ವ್ಯಾಪಕವಾಗಿದೆ. ಕರ್ನಾಟಕದ ಬಾನಾಡಿಗಳ ಗೂಡುಕಟ್ಟುವ ರೀತಿ ಅಲ್ಲಿಯದಕ್ಕಿಂತ ಭಿನ್ನವಾದುದರಿಂದ, ಇಲ್ಲಿ ಪೆಟ್ಟಿಗೆ ತೂಗುಹಾಕುವುದಕ್ಕಿಂತ ಈಗಾಗಲೇ ಇರುವ ಗೂಡುಗಳನ್ನು ಉಳಿಸುವುದೇ ಹೆಚ್ಚು ಫಲಕಾರಿಯಾದ ಕ್ರಮವಾಗಿದೆ.

ಹಕ್ಕಿಯ ಪರಿಚಯ

ಕನ್ನಡ ಕಾವ್ಯದಲ್ಲಿ ಬಾನಾಡಿ ಎಂದರೆ ಯಾವುದೇ ಹಕ್ಕಿ. ಪಕ್ಷಿವೀಕ್ಷಕರ ಬಳಕೆಯಲ್ಲಿ ಈ ಪದವು ಇಂಗ್ಲಿಷಿನಲ್ಲಿ ಸ್ವಿಫ್ಟ್ ಎಂದು ಕರೆಯಲಾಗುವ ಹಕ್ಕಿಗಳಿಗೆ ಸಲ್ಲುತ್ತದೆ. ಇವು ಏಪೋಡಿಡೇ ಕುಟುಂಬಕ್ಕೆ ಸೇರಿವೆ. 'ಏಪಸ್' ಎಂಬ ಹೆಸರಿನ ಗ್ರೀಕ್ ಮೂಲದ ಅರ್ಥ 'ಕಾಲಿಲ್ಲದ್ದು'. ವಾಸ್ತವದಲ್ಲಿ ಕಾಲುಗಳಿವೆ, ಆದರೆ ಅವು ಬಹಳ ಗಿಡ್ಡ. ಈ ಹಕ್ಕಿಗಳು ಕೊಂಬೆಯ ಮೇಲಾಗಲಿ ತಂತಿಯ ಮೇಲಾಗಲಿ ಕೂರಲಾರವು. ಗೋಡೆ, ಬಂಡೆಗಳಂತಹ ಕಡಿದಾದ ಮೇಲ್ಮೈಗೆ ಉಗುರೂರಿ ಅಂಟಿಕೊಳ್ಳಬಲ್ಲವು. ಕೀಟಗಳನ್ನು ಹಿಡಿಯುವುದು, ನೀರು ಕುಡಿಯುವುದು, ಗೂಡಿಗೆ ಬೇಕಾದ ಗರಿ ಮತ್ತು ನಾರು ಸಂಗ್ರಹಿಸುವುದು ಎಲ್ಲವೂ ಹಾರುತ್ತಲೇ ನಡೆಯುತ್ತವೆ. ಯೂರೋಪಿನ ಸಾಮಾನ್ಯ ಬಾನಾಡಿಯು ಸಂತಾನೋತ್ಪತ್ತಿಯ ಕಾಲ ಬಿಟ್ಟು ಹತ್ತು ತಿಂಗಳವರೆಗೆ ನೆಲಕ್ಕಿಳಿಯದೆ ಹಾರುತ್ತಿರಬಲ್ಲದೆಂದು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು.

ಹೊರನೋಟಕ್ಕೆ ಇವನ್ನು ಹೋಲುವ ಅಂಬರಗುಬ್ಬಿಗಳು ಬೇರೆಯೇ ಕುಟುಂಬದವು. ಅಂಬರಗುಬ್ಬಿ ವಿದ್ಯುತ್ ತಂತಿಯ ಮೇಲೆ ಸಾಲಾಗಿ ಕೂರುತ್ತದೆ, ಬಾನಾಡಿ ಕೂರುವುದಿಲ್ಲ. ಎರಡನ್ನೂ ಪ್ರತ್ಯೇಕಿಸಲು ಇದು ಸುಲಭವಾದ ಗುರುತು.

ಪೆಟ್ಟಿಗೆಯ ಇತಿಹಾಸ

ಪಕ್ಷಿವಿಜ್ಞಾನಿ ಡೇವಿಡ್ ಲ್ಯಾಕ್ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದ ಗೋಪುರದಲ್ಲಿ ಗೂಡುಪೆಟ್ಟಿಗೆಗಳನ್ನಿರಿಸಿ ಬಾನಾಡಿಗಳ ಬದುಕನ್ನು ಅಧ್ಯಯನ ಮಾಡಿದರು. ಆ ಅಧ್ಯಯನವನ್ನಾಧರಿಸಿದ 'ಸ್ವಿಫ್ಟ್ಸ್ ಇನ್ ಎ ಟವರ್' ಎಂಬ ಕೃತಿ 1956ರಲ್ಲಿ ಪ್ರಕಟವಾಯಿತು. ಬ್ರಿಟನ್ನಿನಲ್ಲಿ ಹಳೆಯ ಮನೆಗಳ ಸೂರು ದುರಸ್ತಿಯಾದಂತೆ ಹಕ್ಕಿಗಳ ಪ್ರವೇಶದ್ವಾರಗಳು ಮುಚ್ಚಿಹೋದವು. ಕೀಟಗಳ ಇಳಿಕೆಯೂ ಇದರೊಡನೆ ಸೇರಿತು. 2021ರಲ್ಲಿ ಸಾಮಾನ್ಯ ಬಾನಾಡಿಯನ್ನು ಅಲ್ಲಿನ ಕಳವಳಕಾರಿ ಪಕ್ಷಿಗಳ ಕೆಂಪು ಪಟ್ಟಿಗೆ ಸೇರಿಸಲಾಯಿತು. ಗೋಡೆ ಕಟ್ಟುವಾಗಲೇ ಇಟ್ಟಿಗೆಗಳ ನಡುವೆ ಸೇರಿಸಬಹುದಾದ ಟೊಳ್ಳು 'ಬಾನಾಡಿ ಇಟ್ಟಿಗೆ'ಗಳು ಅಲ್ಲಿ ಬಳಕೆಗೆ ಬಂದಿವೆ. ಪ್ರತಿ ವರ್ಷ ಜೂನ್ 7ನ್ನು ವಿಶ್ವ ಬಾನಾಡಿ ದಿನವಾಗಿ ಆಚರಿಸಲಾಗುತ್ತದೆ.

ರಚನೆ ಮತ್ತು ಅಳತೆ

ಸಾಮಾನ್ಯ ಬಾನಾಡಿಗೆ ಬಳಸುವ ಪೆಟ್ಟಿಗೆ ಅಡ್ಡಲಾಗಿ ಉದ್ದವಿರುತ್ತದೆ. ಒಳಗಿನ ಉದ್ದ ಸುಮಾರು 30ರಿಂದ 40 ಸೆಂಟಿಮೀಟರ್, ಎತ್ತರ ಸುಮಾರು 15 ಸೆಂಟಿಮೀಟರ್. ಪ್ರವೇಶದ್ವಾರವು ಸುಮಾರು 65 ಮಿಲಿಮೀಟರ್ ಅಗಲ, 30 ಮಿಲಿಮೀಟರ್ ಎತ್ತರದ ಸೀಳು. ದ್ವಾರವನ್ನು ಒಂದು ತುದಿಗೆ, ತಳಕ್ಕೆ ಸಮೀಪವಾಗಿ ಕೊರೆಯುತ್ತಾರೆ. ಇನ್ನೊಂದು ತುದಿಯ ಕತ್ತಲಲ್ಲಿ ಹಕ್ಕಿ ಮೊಟ್ಟೆಯಿಡುತ್ತದೆ. ಮೊಟ್ಟೆ ಉರುಳದಂತೆ ತಳದಲ್ಲಿ ತಗ್ಗಾದ ಮರದ ಬಟ್ಟಲನ್ನು ಕೂರಿಸುವುದುಂಟು. ಒಳಗೆ ಬಣ್ಣವನ್ನಾಗಲಿ ವಾರ್ನಿಷನ್ನಾಗಲಿ ಬಳಿಯಬಾರದು. ಹಕ್ಕಿ ಉಗುರೂರಲು ಹಲಗೆ ಒರಟಾಗಿರಬೇಕು.

ಪೆಟ್ಟಿಗೆಯನ್ನು ನೆಲದಿಂದ ಕನಿಷ್ಠ 5 ಮೀಟರ್ ಎತ್ತರದಲ್ಲಿ, ಸೂರಿನ ನೆರಳಿನಲ್ಲಿ ಇರಿಸಬೇಕು. ದ್ವಾರದ ಮುಂದೆ ಮತ್ತು ಕೆಳಗೆ ಮರ, ತಂತಿ, ಬಳ್ಳಿಗಳ ಅಡ್ಡಿ ಇರಬಾರದು, ಏಕೆಂದರೆ ಗೂಡು ಬಿಟ್ಟ ಬಾನಾಡಿಯು ಮೊದಲು ಕೆಳಕ್ಕೆ ಧುಮುಕಿ ವೇಗ ಪಡೆದು ಬಳಿಕ ಮೇಲೇರುತ್ತದೆ. ಬಾನಾಡಿಗಳು ಗುಂಪಿನಲ್ಲಿ ಗೂಡುಮಾಡುವುದರಿಂದ ಒಂಟಿ ಪೆಟ್ಟಿಗೆಗಿಂತ ಮೂರು ನಾಲ್ಕನ್ನು ಒಟ್ಟಿಗೆ ಇರಿಸುವುದು ಲೇಸು. ಗೂಡುಕಟ್ಟುವ ಕಾಲದಲ್ಲಿ ಬೆಳಿಗ್ಗೆ ಮತ್ತು ಸಂಜೆ ಅದೇ ಪ್ರಭೇದದ ಕೂಗಿನ ಧ್ವನಿಮುದ್ರಣವನ್ನು ಕೇಳಿಸಿ ಹಕ್ಕಿಗಳನ್ನು ಸೆಳೆಯುವ ಕ್ರಮವೂ ಇದೆ. ಇಷ್ಟಾದರೂ ಮೊದಲ ಜೋಡಿ ಬರಲು ಕೆಲವು ವರ್ಷಗಳೇ ಹಿಡಿಯಬಹುದು. ಸಮೀಪದಲ್ಲಿ ಮೊದಲೇ ಬಾನಾಡಿಗಳ ವಸತಿ ಇದ್ದರೆ ಯಶಸ್ಸಿನ ಸಾಧ್ಯತೆ ಹೆಚ್ಚು.

ಕೊಡಗಿನ ಬಾನಾಡಿಗಳು

ಕೊಡ್ಲಿಪೇಟೆಯು ಕೊಡಗು ಜಿಲ್ಲೆಯ ಸೋಮವಾರಪೇಟೆ ತಾಲ್ಲೂಕಿನ ಉತ್ತರ ಭಾಗದಲ್ಲಿ, ಹಾಸನ ಜಿಲ್ಲೆಯ ಗಡಿಗೆ ಸಮೀಪವಿರುವ ಹೋಬಳಿ ಕೇಂದ್ರ. ಕಾಫಿ ತೋಟ, ಗದ್ದೆ, ಅಡಕೆ ಹಾಗೂ ಪೇಟೆಯ ಕಟ್ಟಡಗಳು ಹತ್ತಿರ ಹತ್ತಿರವೇ ಇರುವ ಇಂತಹ ಊರುಗಳಲ್ಲಿ ಬೇರೆ ಬೇರೆ ಬಾನಾಡಿಗಳಿಗೆ ಬೇರೆ ಬೇರೆ ನೆಲೆಗಳು ಒದಗುತ್ತವೆ. ಮಲೆನಾಡಿನ ಈ ಭಾಗದಲ್ಲಿ ಯಾರಿಗೆ ಯಾವ ಆಸರೆ ಬೇಕೆಂಬುದನ್ನು ತಿಳಿಯದೆ ಇಡುವ ಪೆಟ್ಟಿಗೆ ಖಾಲಿ ಉಳಿಯುವ ಸಂಭವವೇ ಹೆಚ್ಚು.

ಮನೆ ಬಾನಾಡಿ: ಸುಮಾರು 12ರಿಂದ 13 ಸೆಂಟಿಮೀಟರ್ ಉದ್ದದ ಕಪ್ಪು ಹಕ್ಕಿ. ಗಂಟಲು ಮತ್ತು ಸೊಂಟ ಬಿಳಿ, ಬಾಲ ಮೊಂಡು. ಹಿಂದೆ ಒಂದೇ ಪ್ರಭೇದವೆಂದು ಎಣಿಸಲಾಗಿದ್ದ ಹಕ್ಕಿಗಳನ್ನು ಈಗ ಎರಡಾಗಿ ವಿಂಗಡಿಸಲಾಗಿದ್ದು, ದಕ್ಷಿಣ ಭಾರತದ್ದು ಏಪಸ್ ಅಫಿನಿಸ್. ಗರಿ, ಹುಲ್ಲು, ನಾರುಗಳನ್ನು ಜೊಲ್ಲಿನಿಂದ ಅಂಟಿಸಿ, ಛಾವಣಿಯ ತಳಭಾಗದಲ್ಲಿ ಅಥವಾ ಗೋಡೆಯ ಮೇಲ್ಮೂಲೆಯಲ್ಲಿ ಉಂಡೆಯಂತಹ ಗೂಡು ಕಟ್ಟುತ್ತದೆ. ಹಲವು ಗೂಡುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮರಿ ಮಾಡಿದ ನಂತರವೂ ಹಕ್ಕಿಗಳು ವರ್ಷವಿಡೀ ರಾತ್ರಿ ಅವುಗಳಲ್ಲಿಯೇ ತಂಗುತ್ತವೆ. ಕಮಾನು, ದೇವಾಲಯ, ಸೇತುವೆಗಳಷ್ಟೇ ಅಲ್ಲದೆ ಕಾಂಕ್ರೀಟ್ ತಾರಸಿಯ ಪೋರ್ಟಿಕೊಗಳನ್ನೂ ಇದು ಒಪ್ಪಿಕೊಳ್ಳುತ್ತದೆ. ಗೂಡುಪೆಟ್ಟಿಗೆಗೆ ಬರಬಹುದಾದ ಸ್ಥಳೀಯ ಬಾನಾಡಿ ಎಂದರೆ ಮುಖ್ಯವಾಗಿ ಇದೇ.

ತಾಳೆ ಬಾನಾಡಿ: ಕಂದುಬಣ್ಣದ ತೆಳು ದೇಹ, ಕವಲು ಬಾಲ. ತಾಳೆ ಜಾತಿಯ ಮರಗಳ ಜೋತುಬಿದ್ದ ಗರಿಯ ಒಳಮೈಗೆ ಪುಟ್ಟ ಬಟ್ಟಲಿನಂತಹ ಗೂಡನ್ನು ಅಂಟಿಸುತ್ತದೆ. ಅಡಕೆ ಮರವನ್ನೂ ಬಳಸುತ್ತದೆ. ಇದಕ್ಕೆ ಪೆಟ್ಟಿಗೆಯಿಂದ ಪ್ರಯೋಜನವಿಲ್ಲ. ಒಣಗಿದ ಸೋಗೆಗಳಲ್ಲಿ ಕೆಲವನ್ನಾದರೂ ತಾವಾಗಿ ಉದುರುವವರೆಗೆ ಮರದಲ್ಲಿಯೇ ಬಿಡುವುದು ಇದಕ್ಕೆ ನೆರವಾಗುತ್ತದೆ.

ಮುಳ್ಳುಬಾಲದ ಬಾನಾಡಿಗಳು: ಬಾಲದ ಗರಿಗಳ ತುದಿಯಲ್ಲಿ ಮುಳ್ಳಿನಂತಹ ಮೊನೆಯಿರುವ ಎರಡು ಪ್ರಭೇದಗಳು ಪಶ್ಚಿಮ ಘಟ್ಟದಲ್ಲಿವೆ. ಇವು ಟೊಳ್ಳು ಮರಗಳ ಪೊಟರೆಯಲ್ಲಿ ಗೂಡುಮಾಡುತ್ತವೆ. ಕಾಫಿ ತೋಟದ ನೆರಳಿಗಾಗಿ ಉಳಿಸಿಕೊಂಡ ಹಳೆಯ ಕಾಡುಮರಗಳು ಇಂತಹ ಪೊಟರೆಗಳನ್ನು ಒದಗಿಸಬಲ್ಲವು. ಹಳೆಯ ಮರವನ್ನು ಕಡಿದು ಬೇಗ ಬೆಳೆಯುವ ಸಿಲ್ವರ್ ಓಕ್ ನೆಟ್ಟಾಗ ನೆರಳು ಮರಳಿ ಬರುತ್ತದೆ, ಪೊಟರೆ ಬರುವುದಿಲ್ಲ.

ಇವಲ್ಲದೆ ಬಂಡೆಗೋಡೆಗಳಲ್ಲಿ ಮರಿ ಮಾಡುವ ದೊಡ್ಡ ಆಲ್ಪೈನ್ ಬಾನಾಡಿಯೂ ಗುಹೆಗಳಲ್ಲಿ ಗೂಡುಮಾಡುವ ಭಾರತೀಯ ಕಿರುಬಾನಾಡಿಯೂ ಘಟ್ಟಪ್ರದೇಶದಲ್ಲಿವೆ. ಶಿವಮೊಗ್ಗ ಜಿಲ್ಲೆಯ ಜೋಗ ಜಲಪಾತವು ಆಲ್ಪೈನ್ ಬಾನಾಡಿಗಳ ಹೆಸರಾಂತ ನೆಲೆ. ಇವೆರಡೂ ಮನೆಯ ಪೆಟ್ಟಿಗೆಗೆ ಬರುವ ಹಕ್ಕಿಗಳಲ್ಲ.

ಇರುವ ಗೂಡುಗಳ ರಕ್ಷಣೆ

ಮನೆ ಬಾನಾಡಿಯ ಗೂಡುಗಳನ್ನು ಕೀಳಲು ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ: ನೆಲಕ್ಕೆ ಬೀಳುವ ಹಿಕ್ಕೆ ಮತ್ತು ಸುಣ್ಣಬಣ್ಣ. ಗೂಡಿನ ಕೆಳಗೆ ಗೋಡೆಗೆ ಒಂದು ಹಲಗೆಯನ್ನು ಅಡ್ಡವಾಗಿ ಬಡಿದರೆ ಹಿಕ್ಕೆ ಅದರ ಮೇಲೆಯೇ ನಿಲ್ಲುತ್ತದೆ. ಹಕ್ಕಿಯ ಹಾರುದಾರಿಗೆ ಅಡ್ಡಬಾರದಂತೆ ಹಲಗೆಯು ಗೂಡಿನಿಂದ ಸಾಕಷ್ಟು ಕೆಳಗಿರಬೇಕು. ಭಾರತದಲ್ಲಿ ಈ ಹಕ್ಕಿ ಮುಖ್ಯವಾಗಿ ಫೆಬ್ರವರಿಯಿಂದ ಸೆಪ್ಟೆಂಬರ್‌ವರೆಗೆ ಮರಿ ಮಾಡುತ್ತದೆ. ಆದ್ದರಿಂದ ದುರಸ್ತಿ ಮತ್ತು ಸುಣ್ಣಬಣ್ಣದ ಕೆಲಸಗಳನ್ನು ಮಳೆಗಾಲ ಕಳೆದ ಮೇಲೆ, ಗೂಡುಗಳಲ್ಲಿ ಮೊಟ್ಟೆ ಮರಿಗಳಿಲ್ಲವೆಂದು ಖಚಿತಪಡಿಸಿಕೊಂಡು, ಗೂಡುಗಳನ್ನು ಕೀಳದೆ ಮಾಡುವುದು ಸೂಕ್ತ. ವರ್ಷಗಳಿಂದ ಬಳಕೆಯಲ್ಲಿರುವ ವಸತಿಯನ್ನು ಕಿತ್ತ ಬಳಿಕ ಅದೇ ಗೋಡೆಗೆ ಪೆಟ್ಟಿಗೆ ಹೊಡೆದರೆ ಹಕ್ಕಿಗಳು ಮರಳುತ್ತವೆಂಬ ಭರವಸೆಯಿಲ್ಲ.

1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯಲ್ಲಿ 'ಬೇಟೆ' ಎಂಬ ಪದದ ವ್ಯಾಖ್ಯೆಯು ಕಾಡುಹಕ್ಕಿಗಳ ಮೊಟ್ಟೆಗಳಿಗೆ ಹಾನಿ ಮಾಡುವುದನ್ನೂ ಗೂಡುಗಳಿಗೆ ತೊಂದರೆ ಕೊಡುವುದನ್ನೂ ಒಳಗೊಂಡಿದೆ.

ಗುಬ್ಬಿ ಮತ್ತು ಅಂಬರಗುಬ್ಬಿಗಳಿಗೆ ಭಿನ್ನ ಏರ್ಪಾಡು

ಮಾರ್ಚ್ 20ರ ವಿಶ್ವ ಗುಬ್ಬಚ್ಚಿ ದಿನದ ಆಚರಣೆ 2010ರಲ್ಲಿ ಆರಂಭವಾದಂದಿನಿಂದ ಕರ್ನಾಟಕದ ಹಲವೆಡೆ ಗುಬ್ಬಿಗಳಿಗಾಗಿ ಮರದ ಪೆಟ್ಟಿಗೆಗಳನ್ನು ಹಂಚಲಾಗುತ್ತಿದೆ. ಸುಮಾರು 32 ಮಿಲಿಮೀಟರ್ ವ್ಯಾಸದ ದುಂಡು ದ್ವಾರವಿರುವ ಈ ಪೆಟ್ಟಿಗೆಗಳು ಬಾನಾಡಿಗೆ ಒದಗುವುದಿಲ್ಲ. ಗುಬ್ಬಿಗಳು ಮಾತ್ರ ಮನೆ ಬಾನಾಡಿಯ ಗೂಡುಗಳನ್ನು ಆಕ್ರಮಿಸುವುದುಂಟು. ಬಾನಾಡಿ ವಸತಿಯ ಹತ್ತಿರ ಗುಬ್ಬಿಗಳಿಗೆ ಬೇರೆ ಪೆಟ್ಟಿಗೆ ಇಟ್ಟರೆ ಈ ಪೈಪೋಟಿ ತಗ್ಗಬಹುದು. ಅಂಬರಗುಬ್ಬಿಗಳಲ್ಲಿ ಕೆಲವು ಹಸಿ ಮಣ್ಣಿನ ಉಂಡೆಗಳಿಂದ ಸೇತುವೆ, ಮೋರಿ, ಸಜ್ಜಗಳ ಅಡಿಯಲ್ಲಿ ಗೂಡು ಕಟ್ಟುತ್ತವೆ. ಅವುಗಳಿಗೆ ಗೋಡೆಯಲ್ಲೊಂದು ಕಿರುಹಲಗೆಯೂ ಹತ್ತಿರದಲ್ಲಿ ಕೆಸರೂ ಇದ್ದರೆ ಸಾಕು.

ನೆಲಕ್ಕೆ ಬಿದ್ದ ಹಕ್ಕಿ

ನೆಲದ ಮೇಲೆ ಸಿಕ್ಕ ಬಾನಾಡಿಯನ್ನು ಗಾಳಿಗೆ ಎಸೆಯಬಾರದು. ಅದು ರೆಕ್ಕೆ ಪೂರ್ಣವಾಗಿ ಬಲಿಯದ ಮರಿಯಾಗಿರಬಹುದು ಅಥವಾ ಗಾಯಗೊಂಡಿರಬಹುದು. ಗೂಡು ಕೈಗೆಟುಕುವಂತಿದ್ದರೆ ಮರಿಯನ್ನು ಮರಳಿ ಅದರಲ್ಲಿ ಬಿಡಬಹುದು. ಇಲ್ಲದಿದ್ದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಕತ್ತಲಲ್ಲಿರಿಸಿ, ಅರಣ್ಯ ಇಲಾಖೆಗೆ ಅಥವಾ ಪಶುವೈದ್ಯರಿಗೆ ತಿಳಿಸಬೇಕು. ಅನ್ನ, ಹಾಲು, ಬ್ರೆಡ್ ಇದರ ಆಹಾರವಲ್ಲ.

ಪ್ರಯೋಜನ

ಬಾನಾಡಿಗಳು ಮುಖ್ಯವಾಗಿ ಹಾರಾಡುವ ಸಣ್ಣ ಕೀಟಗಳನ್ನು ತಿನ್ನುತ್ತವೆ. ಮೊದಲ ಮಳೆಗೆ ಹುತ್ತದಿಂದೇಳುವ ಈಸಲು ಹುಳುಗಳನ್ನು ಗುಂಪುಗೂಡಿ ಹಿಡಿಯುತ್ತವೆ. ಕೀಟನಾಶಕಗಳ ಅತಿಯಾದ ಬಳಕೆಯಿಂದ ಹುಳುಗಳು ಕಡಿಮೆಯಾದರೆ ಮರಿಗಳಿಗೆ ಉಣಿಸಲು ಆಹಾರವಿರುವುದಿಲ್ಲ. ಹೀಗಾಗಿ ಸುತ್ತಲಿನ ತೋಟ ಗದ್ದೆಗಳ ನಿರ್ವಹಣೆಯೂ ಗೂಡಿನ ಏರ್ಪಾಡಿನಷ್ಟೇ ಮುಖ್ಯವೆನಿಸುತ್ತದೆ.