ಮಹಿಳಾ ದೌರ್ಜನ್ಯದ ದಾಖಲೆ ಸಂಗ್ರಹಗಳು (ಭಾರತ)

ಕೌಟುಂಬಿಕ ಹಿಂಸೆ, ವರದಕ್ಷಿಣೆ ಸಾವು, ಅತ್ಯಾಚಾರ ಮತ್ತು ಲೈಂಗಿಕ ಕಿರುಕುಳಕ್ಕೆ ಸಂಬಂಧಿಸಿದ ತೀರ್ಪುಗಳು, ಪೊಲೀಸ್ ಹಾಗೂ ಆಸ್ಪತ್ರೆ ಕಡತಗಳು, ಪತ್ರಿಕಾ ತುಣುಕುಗಳು, ಕರಪತ್ರ, ಪೋಸ್ಟರ್, ಸಮೀಕ್ಷೆ ಮತ್ತು ಮೌಖಿಕ ಹೇಳಿಕೆಗಳನ್ನು ಕೂಡಿಡುವ ಗ್ರಂಥಾಲಯಗಳು, ಪತ್ರಾಗಾರಗಳು ಭಾರತದಲ್ಲಿ 1970ರ ದಶಕದಿಂದ ರೂಪುಗೊಂಡವು. ಇವುಗಳಲ್ಲಿ ಮುಖ್ಯವಾದವನ್ನು ಕಟ್ಟಿದ್ದು ಮಹಿಳಾ ಚಳವಳಿ ಮತ್ತು ಮಹಿಳಾ ಅಧ್ಯಯನ ಕೇಂದ್ರಗಳು. ಮನೆಯ ಮಾತು ಹೊಸ್ತಿಲು ದಾಟಬಾರದೆಂಬ ರೂಢಿ ಬಲವಾಗಿರುವ ಸಮಾಜದಲ್ಲಿ, ಒಂದು ಸಾವು ಅಪಘಾತವೋ ಕೊಲೆಯೋ ಎಂಬುದು ಎಷ್ಟೋ ಸಲ ತೀರ್ಮಾನವಾಗುವುದು ಯಾರು ಏನನ್ನು ಬರೆದಿಟ್ಟರು ಎಂಬುದರ ಮೇಲೆ. ಹಾಗಾಗಿ ಈ ಸಂಗ್ರಹಗಳ ಇತಿಹಾಸವನ್ನು ಕಾನೂನು ಸುಧಾರಣೆಯ ಇತಿಹಾಸದಿಂದ ಬೇರ್ಪಡಿಸಿ ನೋಡಲಾಗದು.

ಹಿನ್ನೆಲೆ

ವಸಾಹತು ಕಾಲದಲ್ಲಿ ಹೆಂಗಸರ ಮೇಲಿನ ಹಿಂಸೆ ಕಾಣಿಸಿಕೊಂಡದ್ದು ನ್ಯಾಯಾಲಯ ಮತ್ತು ಸರ್ಕಾರದ ಕಡತಗಳಲ್ಲಿ. 1890ರಲ್ಲಿ ಕಲ್ಕತ್ತೆಯಲ್ಲಿ ವಿಚಾರಣೆಗೆ ಬಂದ ಫುಲ್ಮಣಿ ಪ್ರಕರಣದಲ್ಲಿ ಬಾಲವಧುವೊಬ್ಬಳು ಗಂಡನ ಬಲಾತ್ಕಾರದಿಂದ ಸತ್ತಿದ್ದಳು. ಅವಳಿಗೆ ಹತ್ತು ವರ್ಷ ದಾಟಿದ್ದರಿಂದ ಅಂದಿನ ದಂಡಸಂಹಿತೆಯ ಪ್ರಕಾರ ಅದು ಅತ್ಯಾಚಾರವೆನಿಸಲಿಲ್ಲ. ವಿಚಾರಣೆಯಲ್ಲಿ ದಾಖಲಾದ ಮನೆಯವರ ಮತ್ತು ವೈದ್ಯರ ಸಾಕ್ಷ್ಯಗಳು ಒಪ್ಪಿಗೆ ವಯಸ್ಸನ್ನು 12ಕ್ಕೆ ಏರಿಸಿದ 1891ರ ಕಾಯ್ದೆಗೆ ಬಲ ತಂದವು. ಮೈಸೂರು ಸಂಸ್ಥಾನ 1894ರಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. ಮೋರೋಪಂತ ಜೋಶಿ ಅಧ್ಯಕ್ಷತೆಯ ಒಪ್ಪಿಗೆ ವಯಸ್ಸಿನ ಸಮಿತಿ 1929ರಲ್ಲಿ ವರದಿ ಕೊಟ್ಟಿತು. ದೇಶದುದ್ದಕ್ಕೂ ಪಡೆದ ಹೇಳಿಕೆಗಳ ಅದರ ಸಂಪುಟಗಳು ದಾಂಪತ್ಯದೊಳಗಿನ ಬಲಾತ್ಕಾರದ ಬಗ್ಗೆ ಇಂದಿಗೂ ದೊಡ್ಡ ಆಕರ.

ದೇಶವಿಭಜನೆಯ ಹೊತ್ತಿನ ಅಪಹರಣ ಮತ್ತು ಅತ್ಯಾಚಾರಗಳು ಸರ್ಕಾರಿ ಕಡತಗಳಲ್ಲಿ ಬಹುಮಟ್ಟಿಗೆ 'ಮರಳಿ ತರಲಾದವರ' ಲೆಕ್ಕವಾಗಿ ಉಳಿದವು. ಆ ಹೆಂಗಸರ ಸ್ವಂತ ಮಾತು ಪುಸ್ತಕವಾಗಿ ಬರಲು ಐವತ್ತು ವರ್ಷ ಬೇಕಾಯಿತು. ಊರ್ವಶಿ ಬುಟಾಲಿಯಾ ಅವರ ಕೃತಿ, ರಿತು ಮೆನನ್ ಮತ್ತು ಕಮಲಾ ಭಾಸಿನ್ ಅವರ ಕೃತಿ ಎರಡೂ ಪ್ರಕಟವಾದದ್ದು 1998ರಲ್ಲಿ.

ಚಳವಳಿ ಮತ್ತು ಗ್ರಂಥಾಲಯ

ನೀರಾ ದೇಸಾಯಿ 1974ರಲ್ಲಿ ಮುಂಬೈಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನದ ಸಂಶೋಧನಾ ಘಟಕ ಆರಂಭಿಸಿದರು. ಸರ್ಕಾರ ನೇಮಿಸಿದ ಸಮಿತಿ ಅದೇ ವರ್ಷದ ಕೊನೆಗೆ ಸಿದ್ಧಪಡಿಸಿದ 'ಟುವರ್ಡ್ಸ್ ಈಕ್ವಾಲಿಟಿ' ವರದಿ ಮಹಿಳೆಯರ ಸ್ಥಿತಿಗತಿಯ ಸಮಗ್ರ ಚಿತ್ರ ಕೊಟ್ಟಿತು. ವರದಕ್ಷಿಣೆಯನ್ನು ಚರ್ಚಿಸಿದ ಆ ವರದಿಯಲ್ಲೂ ಹಿಂಸೆಗೆಂದೇ ಒಂದು ಅಧ್ಯಾಯವಿರಲಿಲ್ಲ.

ಈ ಕೊರತೆಯನ್ನು ಎತ್ತಿ ತೋರಿಸಿದ್ದು ಮಥುರಾ ಎಂಬ ಹುಡುಗಿಯ ಪ್ರಕರಣ. ಠಾಣೆಯಲ್ಲಿ ನಡೆದ ಅತ್ಯಾಚಾರದ ಆರೋಪ ಹೊತ್ತ ಇಬ್ಬರು ಪೊಲೀಸರನ್ನು ಸುಪ್ರೀಂ ಕೋರ್ಟ್ 1978ರಲ್ಲಿ ಖುಲಾಸೆ ಮಾಡಿತು. 1979ರ ಸೆಪ್ಟೆಂಬರ್‌ನಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಗಮವಾರ್ ಮತ್ತು ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದು, ಶರಣಾಗತಿಯನ್ನು ಸಮ್ಮತಿಯೆಂದು ಓದಿದ ತೀರ್ಪನ್ನು ಪ್ರಶ್ನಿಸಿದರು. ಪತ್ರದ ಪ್ರತಿಗಳು ಕೈಯಿಂದ ಕೈಗೆ ಹರಡಿ 1980ರಲ್ಲಿ ಮುಂಬೈಯಲ್ಲಿ ಅತ್ಯಾಚಾರ ವಿರೋಧಿ ವೇದಿಕೆ ಹುಟ್ಟಿತು. 1983ರ ಕಾನೂನು ತಿದ್ದುಪಡಿಗಳಲ್ಲಿ ಪೊಲೀಸ್ ವಶದಲ್ಲಿ ನಡೆಯುವ ಅತ್ಯಾಚಾರಕ್ಕೆ ಪ್ರತ್ಯೇಕ ಶಿಕ್ಷೆ, ಗಂಡನ ಮನೆಯವರ ಕ್ರೌರ್ಯಕ್ಕೆ 498ಎ ಕಲಂ ಬಂದವು. 1986ರಲ್ಲಿ ವರದಕ್ಷಿಣೆ ಸಾವಿಗೆ 304ಬಿ ಕಲಂ ಸೇರಿತು.

1980ರಲ್ಲಿ ದೆಹಲಿಯಲ್ಲಿ ವೀಣಾ ಮಜುಂದಾರ್ ನೇತೃತ್ವದಲ್ಲಿ ಮಹಿಳಾ ಅಭಿವೃದ್ಧಿ ಅಧ್ಯಯನ ಕೇಂದ್ರ ಸ್ಥಾಪನೆಯಾಯಿತು. ಅದರ ಗ್ರಂಥಾಲಯ ಪತ್ರಿಕಾ ತುಣುಕುಗಳನ್ನು ವಿಷಯವಾರು ಜೋಡಿಸಿಟ್ಟಿತು. ದೆಹಲಿಯ 'ಸಹೇಲಿ', 'ಜಾಗೋರಿ', ಮುಂಬೈಯ 'ಅಕ್ಷರಾ' ಮುಂತಾದ ಸಂಘಟನೆಗಳೂ ದಾಖಲೀಕರಣವನ್ನು ಹೋರಾಟದ ಭಾಗವೆಂದೇ ಭಾವಿಸಿದವು. ಲೇಖಕಿ ಸಿ.ಎಸ್. ಲಕ್ಷ್ಮಿ, ನೀರಾ ದೇಸಾಯಿ ಮತ್ತು ಮೈತ್ರೇಯಿ ಕೃಷ್ಣರಾಜ್ 1988ರಲ್ಲಿ ಸ್ಥಾಪಿಸಿದ 'ಸ್ಪ್ಯಾರೋ' ಧ್ವನಿ ಮತ್ತು ಚಿತ್ರಗಳಿಗೆ ಒತ್ತು ಕೊಡುವ ಮಹಿಳಾ ಪತ್ರಾಗಾರ. 'ಜುಬಾನ್' ಪ್ರಕಾಶನ ಮಹಿಳಾ ಚಳವಳಿಯ ಪೋಸ್ಟರ್‌ಗಳನ್ನು ದೇಶದೆಲ್ಲೆಡೆಯಿಂದ ಒಟ್ಟುಗೂಡಿಸಿತು.

ಬೆಂಗಳೂರಿನ 'ವಿಮೋಚನಾ'

1979ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಹಿಳಾ ಸಂಘಟನೆ 'ವಿಮೋಚನಾ' 1984ರಲ್ಲಿ 'ಸ್ತ್ರೀಲೇಖ' ಎಂಬ ಮಹಿಳಾ ಪುಸ್ತಕ ಮಳಿಗೆ ತೆರೆಯಿತು. ಸಂಘಟನೆಯ ಬಹುಮುಖ್ಯ ದಾಖಲೆ ಕೆಲಸ ನಡೆದದ್ದು 1990ರ ದಶಕದ ಕೊನೆಯಲ್ಲಿ. ಸುಟ್ಟಗಾಯಗಳಿಂದ ವಿಕ್ಟೋರಿಯಾ ಆಸ್ಪತ್ರೆ ಸೇರುತ್ತಿದ್ದ ಯುವ ವಿವಾಹಿತೆಯರ ಪ್ರಕರಣಗಳನ್ನು ಕಾರ್ಯಕರ್ತೆಯರು ಬೆನ್ನುಹತ್ತಿ, ಪೊಲೀಸ್ ದಾಖಲೆಗಳನ್ನು ಮನೆಯವರ ಮಾತಿನೊಂದಿಗೆ ತಾಳೆ ನೋಡಿದರು. ನಗರದಲ್ಲಿ ವರ್ಷಕ್ಕೆ ಸಾವಿರಕ್ಕೂ ಮೀರಿದ ಮಹಿಳೆಯರ ಸಾವುಗಳು 'ಅಸ್ವಾಭಾವಿಕ' ಎಂದು ದಾಖಲಾಗುತ್ತಿದ್ದವು. ಅವುಗಳಲ್ಲಿ ಹೆಚ್ಚಿನವು ಸ್ಟೌ ಸ್ಫೋಟ, ಅಡುಗೆಮನೆಯ ಅಪಘಾತ, ಆತ್ಮಹತ್ಯೆ ಎಂಬ ಷರಾದೊಂದಿಗೆ ಮುಗಿದುಹೋಗುತ್ತಿದ್ದವು. ವರದಕ್ಷಿಣೆ ಸಾವೆಂದು ತನಿಖೆಯಾಗುತ್ತಿದ್ದದ್ದು ಅವುಗಳ ಒಂದು ಸಣ್ಣ ಪಾಲು ಮಾತ್ರ. ಅತ್ತೆ, ಗಂಡ ಪಕ್ಕದಲ್ಲಿ ನಿಂತಿರುವಾಗ ಪಡೆದ ಮರಣಪೂರ್ವ ಹೇಳಿಕೆ ಎಷ್ಟು ನಂಬಲರ್ಹ ಎಂಬ ಪ್ರಶ್ನೆ ಈ ಕೆಲಸದಿಂದ ಸಾರ್ವಜನಿಕ ಚರ್ಚೆಗೆ ಬಂತು. ಬಿಡಿಬಿಡಿಯಾಗಿ ನೋಡಿದಾಗ ದುರಂತವೆನಿಸಿದ್ದು ಒಟ್ಟಿಗೆ ಇಟ್ಟಾಗ ಅಪರಾಧದ ವಿನ್ಯಾಸವಾಗಿ ಕಂಡಿತು. ಕರ್ನಾಟಕದ ದಾಖಲೀಕರಣದ ಇತಿಹಾಸದಲ್ಲಿ ಇದಕ್ಕಿರುವ ಸ್ಥಾನ ದೊಡ್ಡದು.

2009ರ ಜುಲೈನಲ್ಲಿ ಬೆಂಗಳೂರಿನಲ್ಲಿ ವರದಕ್ಷಿಣೆ ಹಿಂಸೆ ಕುರಿತ 'ಮಹಿಳಾ ನ್ಯಾಯಾಲಯ' ಎಂಬ ಜನತಾ ವಿಚಾರಣೆ ನಡೆಯಿತು. ಬದುಕುಳಿದವರ ಮತ್ತು ಮಗಳನ್ನು ಕಳೆದುಕೊಂಡವರ ಸಾಕ್ಷ್ಯಗಳನ್ನು ಅಲ್ಲಿ ಸಾರ್ವಜನಿಕವಾಗಿ ಕೇಳಲಾಯಿತು.

ಆಸ್ಪತ್ರೆ ಮತ್ತು ಸಮೀಕ್ಷೆ

ಮುಂಬೈ ಮಹಾನಗರ ಪಾಲಿಕೆ ಮತ್ತು 'ಸೇಹತ್' ಸಂಶೋಧನಾ ಸಂಸ್ಥೆ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಆರಂಭಿಸಿದ 'ದಿಲಾಸಾ' ಕೇಂದ್ರ, ಆಪ್ತಸಮಾಲೋಚನೆಯ ಕಡತಗಳೇ ಸಂಶೋಧನೆಗೆ ಆಧಾರವಾಗಬಲ್ಲವೆಂದು ತೋರಿಸಿತು. 2014ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಲೈಂಗಿಕ ದೌರ್ಜನ್ಯಕ್ಕೊಳಗಾದವರ ಪರೀಕ್ಷೆಗೆ ಏಕರೂಪದ ನಮೂನೆ ಕೊಟ್ಟು 'ಎರಡು ಬೆರಳಿನ ಪರೀಕ್ಷೆ'ಯನ್ನು ಕೈಬಿಡಲು ಸೂಚಿಸಿತು. ಹಳೆಯ ಆಸ್ಪತ್ರೆ ದಾಖಲೆಗಳಲ್ಲಿ ಹೆಣ್ಣಿನ ಹಿಂದಿನ ಲೈಂಗಿಕ ಜೀವನದ ಬಗ್ಗೆ ಇರುತ್ತಿದ್ದ ಅವಮಾನಕಾರಿ ಟಿಪ್ಪಣಿಗೆ ಹೊಸ ನಮೂನೆಯಲ್ಲಿ ಜಾಗವಿರಲಿಲ್ಲ. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ, ಸಂರಕ್ಷಣಾಧಿಕಾರಿಗಳು ಸಿದ್ಧಪಡಿಸುವ ಕೌಟುಂಬಿಕ ಘಟನಾ ವರದಿ ಎಂಬ ಹೊಸ ದಾಖಲೆಯನ್ನು ಸೃಷ್ಟಿಸಿತು.

1953ರಿಂದ ಪ್ರಕಟವಾಗುತ್ತಿರುವ ಸರ್ಕಾರಿ ಅಪರಾಧ ವರದಿ 'ಕ್ರೈಮ್ ಇನ್ ಇಂಡಿಯಾ' ಠಾಣೆಯಲ್ಲಿ ದಾಖಲಾದ ಪ್ರಕರಣಗಳನ್ನು ಮಾತ್ರ ಎಣಿಸುತ್ತದೆ. ಅತ್ಯಾಚಾರ ಅದರಲ್ಲಿ ಪ್ರತ್ಯೇಕವಾಗಿ ದಾಖಲಾದದ್ದು 1971ರಿಂದ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಠಾಣೆಯ ಮೆಟ್ಟಿಲು ಹತ್ತದವರನ್ನೂ ಮಾತನಾಡಿಸುತ್ತದೆ. ಹಿಂಸೆಯ ಬಗ್ಗೆ ಮನೆಗೊಬ್ಬ ಮಹಿಳೆಯನ್ನು ಏಕಾಂತದಲ್ಲಿ ಕೇಳುವುದು, ಏಕಾಂತ ಸಿಗದಿದ್ದರೆ ಈ ಪ್ರಶ್ನೆಗಳನ್ನೇ ಬಿಡುವುದು ಅದರ ನಿಯಮ. ಕರ್ನಾಟಕದಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ 18ರಿಂದ 49 ವಯಸ್ಸಿನ ವಿವಾಹಿತೆಯರ ಪ್ರಮಾಣ ನಾಲ್ಕನೆಯ ಸಮೀಕ್ಷೆಯಲ್ಲಿ ಶೇ. 20.6, ಐದನೆಯದರಲ್ಲಿ ಶೇ. 44.4. ಹೆಚ್ಚಿದ್ದು ಹಿಂಸೆಯೋ, ಹೇಳುವ ಧೈರ್ಯವೋ ಎಂಬುದನ್ನು ಅಂಕಿ ತಾನಾಗಿ ಹೇಳದು. ಅದಕ್ಕೆ ಪ್ರಕರಣಗಳ ಕಡತ ಮತ್ತು ಮಹಿಳೆಯರ ಸ್ವಂತ ನಿರೂಪಣೆ ಬೇಕು.

ಗೋಪ್ಯತೆ ಮತ್ತು ಸಂರಕ್ಷಣೆ

1983ರ ತಿದ್ದುಪಡಿಯಲ್ಲೇ ಸೇರಿದ 228ಎ ಕಲಂ ಅತ್ಯಾಚಾರಕ್ಕೊಳಗಾದವರ ಗುರುತು ಪ್ರಕಟಿಸುವುದನ್ನು ಅಪರಾಧವಾಗಿಸಿತು. ಹಳೆಯ ದಂಡಸಂಹಿತೆಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 72ನೆಯ ಕಲಂ. ಸತ್ತವರ ಹೆಸರನ್ನೂ ಗುಟ್ಟಾಗಿಡಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಸಂಗ್ರಹಕಾರರ ಹೊಣೆ ಹೀಗೆ ಇಮ್ಮಡಿ: ನಡೆದದ್ದು ಅಳಿಯಬಾರದು, ನೊಂದವಳ ಗುರುತು ಬಯಲಾಗಬಾರದು. ಹೆಸರು, ಊರು, ಮುಖ, ಧ್ವನಿಯನ್ನು ಮರೆಮಾಡುವುದು, ಹೇಳಿದವಳ ಒಪ್ಪಿಗೆಯ ಮಿತಿಯೊಳಗೇ ಓದಲು ಕೊಡುವುದು, ಅವಳು ಬಯಸಿದರೆ ಹೇಳಿಕೆ ಹಿಂಪಡೆಯಲು ಅವಕಾಶವಿಡುವುದು ಇದಕ್ಕಿರುವ ದಾರಿಗಳು.

1917ರ ದಾಖಲೆಗಳ ನಾಶ ಕಾಯ್ದೆಯಡಿ ಹೈಕೋರ್ಟುಗಳು ರೂಪಿಸಿದ ನಿಯಮಗಳಂತೆ ಕೆಳ ನ್ಯಾಯಾಲಯಗಳು ಹಳೆಯ ಕಡತಗಳನ್ನು ನಿಗದಿತ ಅವಧಿಯ ನಂತರ ವಿಲೇವಾರಿ ಮಾಡುತ್ತವೆ. ಆಗ ಸಂಘಟನೆಗಳ ಬಳಿ ಉಳಿದ ಪ್ರತಿಗಳೇ ಕೆಲವು ಪ್ರಕರಣಗಳಿಗೆ ಕೊನೆಯ ಆಧಾರವಾಗಬಹುದು. ಕರ್ನಾಟಕದ ಠಾಣೆಗಳ ಹೇಳಿಕೆಗಳು, ಮಹಜರುಗಳು, ಕೆಳ ನ್ಯಾಯಾಲಯಗಳ ಸಾಕ್ಷ್ಯಗಳು ಬಹುಮಟ್ಟಿಗೆ ಕನ್ನಡದಲ್ಲಿವೆ. ನೊಂದವರ ನುಡಿಗೆ ಅತಿ ಹತ್ತಿರದ ಈ ದಾಖಲೆಗಳನ್ನು ಗೋಪ್ಯತೆಯ ಕಟ್ಟುಪಾಡಿನೊಳಗೆ ಉಳಿಸುವ ಕೆಲಸವನ್ನು ರಾಜ್ಯ ಪತ್ರಾಗಾರವೂ ವಿಶ್ವವಿದ್ಯಾಲಯಗಳ ಮಹಿಳಾ ಅಧ್ಯಯನ ವಿಭಾಗಗಳೂ ಕೈಗೆತ್ತಿಕೊಳ್ಳುವುದು ಮುಂದಿನ ಸಂಶೋಧನೆಗೂ ನ್ಯಾಯಕ್ಕೂ ಅಗತ್ಯ.